ನೀರಗಂಟಿಯ ಬಾಯಿಗೆ ಕುಕ್ಕೆ

“ತೆಗೀಲಾ ಬಾಯಿ, ಬೋಳಿಮಗನೆ! ನೆನ್ನೆ ಧಣಿ ಮುಂದೆ ಹೆಬ್ಬಾಗ್ಲು ತೆಗೆದಂಗೆ ತೆಗೆದಿದ್ದಲ್ಲ, ಈಗ್ಯಾಕೆ ಹಲ್ಲು ಕಚ್ತೀಯಾ?”

ಪಾರುಪತ್ಯಗಾರ ಗರ್ಡ್ಲರ್ ಕ್ವಾಶಿಯ ದವಡೆಗೆ ಹೆಬ್ಬೆರಳು ಒತ್ತಿ ಹಿಡಿದಿದ್ದ. ಇಬ್ಬರು ಗುಲಾಮ ಆಳುಗಳು ಕ್ವಾಶಿಯ ರಟ್ಟೆ ಹಿಡಿದು ಮಂಡಿಯೂರಿಸಿದ್ದರು. ಅವರೂ ಅದೇ ಗುಡಿಸಲು ಸಾಲಿನವರು, ಅದೇ ಕರಿಯ ಮೈಯವರು. ಹಿಡಿಯದಿದ್ದರೆ ಕುಕ್ಕೆ ತಮ್ಮ ಬಾಯಿಗೆ ಬರುತ್ತದೆಂದು ಗೊತ್ತಿದ್ದರಿಂದ ಮುಖ ಆಚೆ ತಿರುಗಿಸಿಕೊಂಡು ಹಿಡಿದಿದ್ದರು.

ಎತ್ತಿನ ಕುಕ್ಕೆಗಾದರೂ ಹಗ್ಗದ ಹೆಣಿಗೆ ಇರುತ್ತದೆ, ಗಾಳಿಯಾಡುತ್ತದೆ. ಇದು ಕಬ್ಬಿಣದ ತಗಡು. ಒಳಗೊಂದು ಚಪ್ಪಟೆ ಪಟ್ಟಿ, ನಾಲಿಗೆಯನ್ನು ಅದುಮಿ ಹಿಡಿಯುವುದಕ್ಕೆ. ಉಸಿರಿಗೆಂದು ನಾಲ್ಕು ತೂತು. ಪಟ್ಟಿ ಒಳಗೆ ಹೋಗುವಾಗ ಮುಂದಿನ ಹಲ್ಲೊಂದು ಮುರಿಯಿತು. ಅದನ್ನು ಉಗುಳುವುದಕ್ಕೂ ಜಾಗವಿಲ್ಲದೆ ಕ್ವಾಶಿ ನುಂಗಿಕೊಂಡ. ಹೆಡಕಿನಲ್ಲಿ ಬೀಗ ಬಿತ್ತು.

“ಏಳು ದಿನ,” ಗರ್ಡ್ಲರ್ ಬೀಗದಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. “ಇನ್ಮೇಲೆ ಧಣಿಗೆ ಲೆಕ್ಚರ್ ಕೊಡು ನೋಡಾನ.”

ಕ್ವಾಶಿ ಕೊಟ್ಟದ್ದು ಲೆಕ್ಚರ್ ಅಲ್ಲ. ಒಂದು ಮಾತು ನೆನಪು ಮಾಡಿಕೊಟ್ಟಿದ್ದ, ಅಷ್ಟೆ.

ಹದಿನೆಂಟು ವರ್ಷದ ಹಿಂದೆ, ಹೊಳೆಯ ದಂಡೆಗೆ ಹೊಸ ತೂಬು ಕೂರಿಸಿದ ದಿನ, ಧಣಿ ತಾನಾಗಿಯೇ ಕ್ವಾಶಿಯ ಹೆಗಲ ಮೇಲೆ ಕೈಯಿಟ್ಟು ಹೇಳಿದ್ದ: “ನೀನು ನನ್ನ ನೀರು ಕಾಯಿ, ನಾನು ನಿನ್ನ ಗುಡಿಸಲು ಕಾಯ್ತೀನಿ.” ಆ ಹೊಳೆ ಅಂಥ ಹೊಳೆ. ದಿನಕ್ಕೆರಡು ಸಲ ಸಮುದ್ರ ಅದರ ಬೆನ್ನಿಗೆ ಗುದ್ದುತ್ತದೆ. ಉಬ್ಬರ ಬಂದಾಗ ಸಿಹಿನೀರು ಮೇಲೇರಿ ದಂಡೆ ಮುಟ್ಟುತ್ತದೆ, ಉಪ್ಪುನೀರು ಅದರ ಅಡಿಯಲ್ಲಿ ಕಳ್ಳನ ಹಾಗೆ ಬರುತ್ತದೆ. ಆ ಸಿಹಿನೀರಿನ ಹೊತ್ತು ನೋಡಿಯೇ ತೂಬಿನ ಹಲಗೆ ಎತ್ತಬೇಕು. ತಪ್ಪಿ ಉಪ್ಪು ಒಳಗೆ ಬಂದರೆ ಇನ್ನೂರು ಎಕರೆ ಭತ್ತಕ್ಕೆ ಬೆಂಕಿ ಬೇಕಿಲ್ಲ.

ಹೊತ್ತು ಹೇಳುವುದು ನೀರಗಂಟಿ ಕ್ವಾಶಿಯ ನಾಲಿಗೆ. ಹಡಗಿನ ಹೊಟ್ಟೆಯಲ್ಲಿ ಸರಪಳಿ ಹಾಕಿಸಿಕೊಂಡು ಬಂದ ಅವನ ತಾಯಿ ತನ್ನ ಸೀಮೆಯಿಂದ ತಂದ ಆಸ್ತಿ ಅದೊಂದೇ. ಮೂರು ಬೊಗಸೆ. ಮೊದಲನೆಯದು ಮುಕ್ಕಳಿಸಿ ಉಗುಳಬೇಕು, ಎರಡನೆಯದು ನಾಲಿಗೆಯ ಕೆಳಗೆ ಇಟ್ಟುಕೊಳ್ಳಬೇಕು, ಮೂರನೆಯದು ನುಂಗಬೇಕು. ಆಮೇಲೆ ಹಲಗೆ. ಹದಿನೆಂಟು ವರ್ಷ ಒಂದು ಬೆಳೆಯೂ ಕೆಟ್ಟಿರಲಿಲ್ಲ. ಆ ಬೆಳೆಯಲ್ಲೇ ಧಣಿಯ ಮನೆಗೆ ಕಂಬಗಳು ಎದ್ದವು, ಮಗಳಿಗೆ ಜಮೈಕಾದ ಕಬ್ಬಿನ ಸಾಹುಕಾರ ಗಂಡನಾಗಿ ಬಂದ.

ಆ ಮಗಳೇ ನೆನ್ನೆ ಜಗಲಿಯ ಮೇಲೆ ನಿಂತು ಕ್ವಾಶಿಯ ಹೆಂಡತಿ ಮಿಂಬಾಳನ್ನು ಕರೆಸಿ, ತೋಳು ಹಿಸುಕಿ ನೋಡಿ, ತುಟಿ ಎತ್ತಿಸಿ ಹಲ್ಲು ನೋಡಿ, “ಇವಳೇ ಬೇಕಪ್ಪ. ಇವಳು ಕುಟ್ಟಿದ ಅಕ್ಕಿಯಲ್ಲಿ ಒಂದು ನುಚ್ಚು ಇರಲ್ಲ,” ಅಂದಿದ್ದಳು. ಅಪ್ಪ ತಲೆಯಾಡಿಸಿದ. ಬಳುವಳಿ ಅಂದರೆ ಬೆಳ್ಳಿ ತಟ್ಟೆ, ಪೆಟಾರಿ, ಮಿಂಬಾ.

ಕ್ವಾಶಿ ಮೆಟ್ಟಿಲ ಕೆಳಗೆ ನಿಂತು, “ಧಣಿ, ಗುಡ್ಸಲು ಕಾಯ್ತೀನಿ ಅಂದಿದ್ರಿ,” ಅಂದ.

ನೆಂಟರು ತಿರುಗಿ ನೋಡಿದರು. ಧಣಿ ನಗುತ್ತಲೇ ಹೇಳಿದ: “ಗುಡಿಸಲು ಎಲ್ಲಿಗೂ ಹೋಗಲ್ಲ ಕಣೋ. ಅಲ್ಲೇ ಇರುತ್ತೆ.”

ಜಗಲಿ ತುಂಬ ನಗು. ಕ್ವಾಶಿ ಅಲ್ಲಿಗೆ ಸುಮ್ಮನಾಗಲಿಲ್ಲ. “ಕೊಟ್ಟ ಮಾತು ತಿನ್ನಬ್ಯಾಡಿ ಧಣಿ,” ಅಂದುಬಿಟ್ಟ. ಕುಕ್ಕೆ ಬಂದದ್ದು ಅದಕ್ಕೆ.

ದೋಣಿ ಹೊರಡಲು ಇನ್ನು ಎರಡು ದಿನವಿತ್ತು. ಆ ಎರಡು ಸಂಜೆಯೂ ಮಿಂಬಾ ಒರಳಿನ ಕೆಲಸ ಮುಗಿಸಿ ಬಂದು, ಗಂಡನ ತಲೆಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕುಕ್ಕೆಯ ತೂತುಗಳಿಗೆ ನುಚ್ಚಿನ ಗಂಜಿ ಹೊಯ್ದಳು. ಅರ್ಧ ಒಳಗೆ ಹೋದರೆ ಅರ್ಧ ಕತ್ತಿನ ಮೇಲೆ ಹರಿಯಿತು. ಹೊಯ್ದದ್ದು ಒಂದೇ ಸಮನೆ. ಮೂವತ್ತು ವರ್ಷ ಒನಕೆ ಹಿಡಿದ ಕೈ.

“ಅಳಬ್ಯಾಡ,” ಅಂದಳು. “ಒಳಗೆ ತುಕ್ಕು ಹಿಡೀತದೆ.”

ಕ್ವಾಶಿ ಅಳುತ್ತಿದ್ದ.

“ಹದ್ನೆಂಟು ವರ್ಸ ಅವನ ಗದ್ದೇಗೆ ಉಪ್ಪು ಬರ್ದಂಗೆ ಕಾದೆ. ನಮ್ಮನೇಗೆ ಬಂತು ನೋಡು. ಆ ಸೂಳೆಮಗ ನಗ್ತಾ ಹೇಳ್ದ, ನಗ್ತಾ! ಬೈದಿದ್ರೂ ಸೈಸ್ಕತಿದ್ದೆ.” ಅವಳು ಲಂಗದ ಅಂಚಿನಲ್ಲಿ ಅವನ ಕತ್ತು ಒರೆಸಿದಳು. “ನಾನೋದ ಮ್ಯಾಲೆ ಯಾರ ಕಾಲೂ ಹಿಡೀಬ್ಯಾಡ, ಕೇಳುಸ್ತಾ? ಕಾಲು ಹಿಡ್ದೆ ಅಂತ ನಂಗೆ ಗೊತ್ತಾದ್ರೆ, ನೀನು ನನ್ನ ಗಂಡನೇ ಅಲ್ಲ.”

ಹೇಳಬೇಕಾದದ್ದು ಅವನ ಎದೆ ತುಂಬ ಇತ್ತು. ಪಟ್ಟಿಯ ಕೆಳಗೆ ನಾಲಿಗೆ ಒದ್ದಾಡಿ ಕೊಯ್ದುಕೊಂಡಿತು. ಬಾಯಲ್ಲಿ ರಕ್ತಕ್ಕೂ ಕಬ್ಬಿಣಕ್ಕೂ ಒಂದೇ ರುಚಿ.

ಮೂರನೆಯ ದಿನ ಬೆಳಿಗ್ಗೆ ಇಳಿತದ ಜೊತೆ ದೋಣಿ ಹೊರಟಿತು. ಧಣಿ, ಮಗಳು, ಅಳಿಯ ನೆರಳಲ್ಲಿ ಕೂತರು. ಮಿಂಬಾ ಪೆಟಾರಿಗಳ ನಡುವೆ. ಚಾರ್ಲ್ಸ್‌ಟೌನ್ ಬಂದರಿನಲ್ಲಿ ಜಮೈಕಾಕ್ಕೆ ಹೋಗುವ ಹಡಗು ಕಾಯುತ್ತಿತ್ತು. ಹಗ್ಗ ಬಿಚ್ಚಿದಾಗ ಅವಳು ಎದ್ದು ನಿಂತು, “ಕ್ವಾಶೀ!” ಎಂದು ಕೂಗಿದಳು.

ದಂಡೆಯ ಮೇಲಿಂದ ಕ್ವಾಶಿ ಉತ್ತರ ಕೊಟ್ಟ. ಕುಕ್ಕೆಯ ತೂತುಗಳಿಂದ ಬಂದದ್ದು ಕರು ಅಂಬಾ ಅಂದ ಹಾಗೊಂದು ಸದ್ದು. ದೋಣಿಯಲ್ಲಿದ್ದ ಅಳಿಯ ಅದನ್ನು ಕೇಳಿ ನಕ್ಕ. ದೋಣಿ ತಿರುವಿನಲ್ಲಿ ಮರೆಯಾಗುವ ತನಕ ಮಿಂಬಾ ನಿಂತೇ ಇದ್ದಳು, ಕೂರು ಅಂತ ಯಾರೋ ತಿವಿದರೂ ಕೂರಲಿಲ್ಲ.

ಆವತ್ತೇ ಇಳಿಹೊತ್ತಿಗೆ ಗರ್ಡ್ಲರ್ ತೂಬಿನ ಬಳಿ ಬಂದ. ಎರಡು ತಿಂಗಳಿಂದ ಮಳೆಯಿಲ್ಲ. ತೆನೆ ಹಾಲುಗಟ್ಟುವ ಕಾಲ, ಗದ್ದೆ ಬಿರುಕು ಬಿಟ್ಟಿತ್ತು. ಅವನ ಕೈಯಲ್ಲಿ ಉಬ್ಬರದ ಹೊತ್ತು ಅಚ್ಚು ಹಾಕಿದ ಪಂಚಾಂಗ.

“ಹುಣ್ಣಿಮೆ ಉಬ್ಬರ. ಹೊಳೆ ತುಂಬೈತೆ. ಎತ್ತಲಾ ಹಲಗೆ.”

ಆಳುಗಳ ಮೇಟಿ ಮಿಂಗೋ ಪಕ್ಕದಲ್ಲೇ ಇದ್ದ. ತಲೆ ನರೆತ ಮುದುಕ, ಕ್ವಾಶಿಗಿಂತ ಹತ್ತು ವರ್ಷ ಹಿರಿಯ. “ಬುದ್ಧಿ, ರುಚಿ ನೋಡ್ದೆ ಎತ್ತಾದು ಬ್ಯಾಡ. ಬರಗಾಲದಾಗೆ ಸಮುದ್ರ ಮ್ಯಾಕೆ ಹತ್ತಿರ್ತದೆ. ಒಂದು ಗಳಿಗೆ ಕುಕ್ಕೆ ಬಿಚ್ಚಿ,” ಅಂದ.

“ಏಳು ದಿನ ಅಂದ್ರೆ ಏಳು ದಿನ. ಹೊಳೆ ಇವನ ನಾಲಿಗೆ ಕೇಳ್ಕೊಂಡು ಹರೀತದೇನಲಾ, ಮುದಿಗೊಡ್ಡು? ಮೂರು ಬೊಗಸೆ ಕುಡಿಯೋ ನಾಟ್ಕ ನಂಗೂ ಗೊತ್ತು, ಕೆಲ್ಸಗಳ್ಳರು.” ಹಾಗಂದರೂ ಗರ್ಡ್ಲರನಿಗೆ ಒಳಗೊಳಗೇ ಅಳುಕು. ಧಣಿ ಊರಲ್ಲಿಲ್ಲ, ಬೆಳೆ ಕೆಟ್ಟರೆ ತನ್ನ ತಲೆ. ಕ್ವಾಶಿಯ ಕಡೆ ತಿರುಗಿ ದನಿ ಇಳಿಸಿದ. “ನೋಡು. ನೀರು ಕೆಟ್ಟಿದ್ರೆ ತಲೆ ಅಲ್ಲಾಡ್ಸು. ಚೆಂದಾಗಿದ್ರೆ ಹಲಗೆ ಎತ್ತು. ಅಷ್ಟು ಮಾಡಕ್ಕೆ ಬಾಯ್ಯಾಕೆ?”

ಕ್ವಾಶಿ ತೂಬಿನ ಮೇಲೆ ಕೂತು ಕೆಳಗೆ ನೋಡಿದ. ನೀರಿನ ಅಂಚಿಗೆ ಹಲಗೆಯ ಕಾಲಿನಲ್ಲಿ ನೀಲಿ ಕೊಂಡಿಯ ಏಡಿಯೊಂದು ಕಚ್ಚಿಕೊಂಡಿತ್ತು. ಅದು ಸಮುದ್ರದ ಏಡಿ. ಸಿಹಿನೀರಿನಲ್ಲಿ ಅದಕ್ಕೇನು ಕೆಲಸ? ಇಷ್ಟು ಮೇಲಕ್ಕೆ ಅದು ಬಂದದ್ದನ್ನು ಹದಿನೆಂಟು ವರ್ಷದಲ್ಲಿ ಅವನು ಕಂಡಿರಲಿಲ್ಲ. ನಾಲಿಗೆ ಸತ್ತಿದ್ದರೇನು, ಕಣ್ಣಿತ್ತಲ್ಲ.

ಮಿಂಗೋನೂ ಏಡಿಯನ್ನು ಕಂಡ. ಬಗ್ಗಿ ಕಿವಿಯ ಹತ್ತಿರ ಪಿಸುಗುಟ್ಟಿದ: “ತಮ್ಮಾ, ಬ್ಯಾಡ ಕಣಪ್ಪ. ಎಲ್ಲರ ಬೆನ್ನೂ ಸುಲೀತಾರೆ.”

ನಿಜ, ಸುಲಿಯುತ್ತಾರೆ. ಮೊದಲು ಇವನದು, ಆಮೇಲೆ ಮಿಂಗೋನದು, ಆಮೇಲೆ ರಟ್ಟೆ ಹಿಡಿದಿದ್ದ ಆ ಇಬ್ಬರದು. ಕ್ವಾಶಿಗೆ ಅದು ಗೊತ್ತಿತ್ತು. ತಲೆ ಅಲ್ಲಾಡಿಸಿದರೆ ಮುಗಿಯಿತು, ಬೆಳೆ ಉಳಿಯುತ್ತದೆ. ಬೆಳೆ ಉಳಿದರೆ ಧಣಿ ಉಳಿಯುತ್ತಾನೆ, ಮುಂದಿನ ಮಗಳಿಗೆ ಇನ್ಯಾರ ಹೆಂಡತಿಯನ್ನೋ ಪೆಟಾರಿಯ ಜೊತೆ ಕಟ್ಟಿ ಕಳಿಸುತ್ತಾನೆ. ಸುಲಿಯುವುದಂತೂ ತಪ್ಪಿದ್ದಲ್ಲ, ಬೆಳೆ ಬಂದ ವರ್ಷವೂ ಸುಲಿದಿದ್ದಾರೆ.

ಅವನು ಮಿಂಗೋನ ಮುಖ ನೋಡಿದ. ಕಣ್ಣಲ್ಲೇ ಏನೋ ಕೇಳಿದ. ಮುದುಕ ದೋಣಿ ಹೋದ ತಿರುವಿನ ಕಡೆ ನೋಡಿದ. ಅವನ ಮಗಳನ್ನೂ ಹೀಗೇ ಕಳಿಸಿದ್ದರು, ಆರು ವರ್ಷದ ಹಿಂದೆ, ಧಣಿಯ ಹಿರಿಮಗಳ ಮದುವೆಗೆ. ಆಮೇಲೆ ಬೆನ್ನು ತಿರುಗಿಸಿ, ಏಡಿ ಕಾಣದ ಹಾಗೆ ಗರ್ಡ್ಲರನಿಗೆ ಅಡ್ಡವಾಗಿ ನಿಂತ.

ಕ್ವಾಶಿ ಕಾಲಿನಿಂದ ಏಡಿಯನ್ನು ನೀರಿಗೆ ಒದ್ದ. ಎರಡೂ ಕೈಯಿಂದ ಹಲಗೆ ಎತ್ತಿದ.

ನೀರು ಗದ್ದೆಗೆ ನುಗ್ಗಿತು. ಬಾಯಾರಿದ್ದ ಮಣ್ಣು ಗಟಗಟ ಕುಡಿಯಿತು.

ಹೊತ್ತು ಮುಳುಗುವ ಮುಂಚೆ ಇನ್ನೂರು ಎಕರೆಯೂ ತುಂಬಿ ನಿಂತಿತ್ತು. ಗರ್ಡ್ಲರ್ ಬದುವಿನ ಮೇಲೆ ಹೆಮ್ಮೆಯಿಂದ ನಡೆಯುತ್ತಿದ್ದವನು ಒಂದು ಕಡೆ ನಿಂತ. ಭತ್ತದ ಬುಡದಲ್ಲಿ ಕಪ್ಪೆಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಬದುವಿನ ಮೇಲೆ ನೀಲಿ ಕೊಂಡಿಯ ಏಡಿಗಳು. ಅವನು ಬಗ್ಗಿ ಒಂದು ಬೊಗಸೆ ಬಾಯಿಗೆ ಹಾಕಿಕೊಂಡು ಥೂ ಎಂದು ಉಗಿದ. ತೂಬಿನ ಕಡೆ ಓಡಿದ.

“ಉಪ್ಪು! ಅಯ್ಯಯ್ಯೋ ಉಪ್ಪು! ಬಸೀಲಾ, ಬಸೀಲಾ ಬೇಗ!”

ಇಳಿತ ಬರುವ ತನಕ ಬಸಿಯುವುದಕ್ಕೆ ಹೊಳೆ ಬಿಡುವುದಿಲ್ಲ. ಅಷ್ಟರಲ್ಲಿ ಬೇರು ಕುಡಿದಾಗಿರುತ್ತದೆ. ಮಿಂಗೋ ಅದನ್ನು ಹೇಳಲಿಲ್ಲ. ದಂಡೆಯ ಮೇಲೆ ಸೇರಿದ್ದ ಆಳುಗಳು ಯಾರೂ ಹೇಳಲಿಲ್ಲ.

ಗರ್ಡ್ಲರ್ ಕ್ವಾಶಿಯನ್ನು ರಟ್ಟೆ ಹಿಡಿದು ಎಳೆದ. ಬೀಗದಕೈ ಎರಡು ಸಲ ಜಾರಿತು. ಕುಕ್ಕೆ ಕಿತ್ತು ಎಸೆದ. “ಬೊಗಳೋ ಬಡ್ಡಿಮಗನೆ! ಏನ್ ಮಾಡ್ಬೇಕು ಹೇಳೋ! ನೀರು ಏನಾಗೈತೆ ಹೇಳೋ!”

ಕ್ವಾಶಿ ದವಡೆಯನ್ನು ಮೆಲ್ಲಗೆ ಆಡಿಸಿ ನೋಡಿದ. ಗದ್ದೆಯ ಅಂಚಿಗೆ ಮಂಡಿಯೂರಿದ. ಎಲ್ಲರೂ ನೋಡುತ್ತಿದ್ದಂತೆ, ತಾಯಿ ಕಲಿಸಿದ ಹಾಗೆ, ಮೊದಲನೆಯ ಬೊಗಸೆಯನ್ನು ಮುಕ್ಕಳಿಸಿ ರಕ್ತದ ಜೊತೆ ಉಗುಳಿದ. ಎರಡನೆಯದನ್ನು ಕೊಯ್ದುಹೋದ ನಾಲಿಗೆಯ ಕೆಳಗೆ ಇಟ್ಟುಕೊಂಡ. ಉರಿ ಕಿವಿಯ ತನಕ ಏರಿತು. ಕಣ್ಣು ಮಿಟುಕಿಸಲಿಲ್ಲ. ಮೂರನೆಯ ಬೊಗಸೆಯನ್ನು ಪೂರ್ತಿ ನುಂಗಿ, ತಲೆ ಎತ್ತಿದ.

“ಸಿಹಿ ಐತೆ ಬುದ್ಧಿ,” ಅಂದ.

ದಂಡೆಯ ಮೇಲಿಂದ ಮಿಂಗೋ ಇಳಿದು ಬಂದ. ಅವನೂ ಪಕ್ಕದಲ್ಲಿ ಮಂಡಿಯೂರಿ ಒಂದು ಬೊಗಸೆ ಎತ್ತಿಕೊಂಡು ಕುಡಿದ.

“ಹೂಂ ಬುದ್ಧಿ,” ಅಂದ. “ಸಿಹೀನೇ.”