ತುಪ್ಪದ ಡಬ್ಬಿ ದೇವರ ಗೂಡಿಗೆ ಹೋದದ್ದು

೧

ಎಲ್ಲಿಂದ ಶುರು ಮಾಡಲಿ? ನಮ್ಮೂರಿನ ಕಟ್ಟೆಯ ಮೇಲೆ ಕಥೆ ಹೇಳುವವರು ಮೊದಲು ದೀಪಕ್ಕೆ ಕೈ ಮುಗಿಯುತ್ತಿದ್ದರು. ನಾನೂ ಮುಗಿದೆ. ಕಣ್ಣು ಬಿಟ್ಟಾಗ ಎದುರಿಗೆ ಕಂಡದ್ದು ಡಬ್ಲಿನ್ನಿನ ಒಂದು ಮನೆಯ ಫ್ರಿಜ್ಜಿನ ಬಾಗಿಲು. ಅದಕ್ಕೆ ಅಂಟಿಸಿದ ಕ್ಲಿನಿಕ್ಕಿನ ಹಾಳೆ: "ತುಪ್ಪ, ಬೆಣ್ಣೆ, ಕೆನೆಹಾಲು ಬಿಡಿ. ಕೊಬ್ಬಿಲ್ಲದ್ದನ್ನು ಆರಿಸಿ." ಹಾಳೆ ಬಂದದ್ದು ಹನ್ನೊಂದು ವರ್ಷದ ಇಂಚರಾಳಿಗೆ. ಮೇಲುಗಡೆ ಅವಳ ತೂಕ, ಅದಕ್ಕೊಂದು ಕೆಂಪು ಸುತ್ತು.

(ಇಂಥ ಹಾಳೆಯಿಂದ ಕಥೆ ಶುರುವಾಗಬಾರದು. ಅಳಿಸಿದೆ.)

೧, ಮತ್ತೊಮ್ಮೆ

ಇಂಚರಾಳ ತಾಯಿ ಭಾವನಾ ತುಪ್ಪದ ಡಬ್ಬಿಯನ್ನು ಒಲೆಯ ಪಕ್ಕದಿಂದ ಎತ್ತಿ ದೇವರ ಗೂಡಿನಲ್ಲಿಟ್ಟಳು. "ಇನ್ಮೇಲೆ ಇದು ದೀಪಕ್ಕೆ ಮಾತ್ರ, ಅತ್ತೆ."

ಮಂಡ್ಯದಿಂದ ಬಂದಿದ್ದ ಅತ್ತೆ ಜವರಮ್ಮ ತಲೆಯಾಡಿಸಿದರು. ಡಬ್ಬಿಯನ್ನು ಅಲ್ಲಿಟ್ಟದ್ದೇ ಭಾವನಾ ಮಾಡಿದ ತಪ್ಪು. ದೇವರ ಗೂಡಿಗೆ ಹೋದದ್ದು ನೈವೇದ್ಯವಾಗಿ ಹೊರಬರುತ್ತದೆ. ಪ್ರಸಾದವನ್ನು ಬೇಡ ಎನ್ನುವಂತಿಲ್ಲ. ಮರುದಿನ ಬೆಳಿಗ್ಗೆಯೇ ದೇವರಿಗೆ ತುಪ್ಪದನ್ನ ನೈವೇದ್ಯವಾಯಿತು.

(ಇಲ್ಲಿಯವರೆಗೆ ನಗುವ ಕಥೆ. ಹಾಗೇ ಮುಗಿಸಬೇಕೆಂದಿದ್ದೆ.)

೩

ಎರಡನ್ನು ಹಾರಿಸಿದ್ದೇನೆ, ಅದರಲ್ಲಿ ಹಾಳೆ ಬರೆದವರಿಗೆ ಬೈದಿದ್ದೆ.

ಇಂಚರಾ ಪ್ರಸಾದದ ತಟ್ಟೆ ನೋಡಿದಳು. ಟೀ-ಶರ್ಟನ್ನು ಹೊಟ್ಟೆಯ ಮೇಲಿಂದ ಕೆಳಕ್ಕೆ ಎಳೆದುಕೊಂಡಳು. "ಅಜ್ಜಿ, ಈಸ್ ಪ್ರಸಾದ ಲೋ-ಫ್ಯಾಟ್? ಗಾಡ್‌ಗೆ ಸಾರಿ ಹೇಳಿ, ಐ ಕಾಂಟ್."

ಬೈಗುಳ ಅಳಿಸಿದ್ದಕ್ಕೆ ಪಶ್ಚಾತ್ತಾಪವಾಯಿತು. ದೇವರ ಮುಂದೆಯೂ ಹೊಟ್ಟೆ ಮುಚ್ಚಿಕೊಳ್ಳಬೇಕೆಂದು ಈ ಮಗುವಿಗೆ ಕಲಿಸಿದವರು ಯಾರು?

೪

ಜವರಮ್ಮ ಫ್ರಿಜ್ಜಿನಿಂದ ಸ್ಟ್ರಾಬೆರಿ ಯೋಗರ್ಟಿನ ಕಪ್ ತಂದರು. ಮುಚ್ಚಳದ ಮೇಲೆ ದೊಡ್ಡದಾಗಿ ಫ್ಯಾಟ್-ಫ್ರೀ.

"ಸಕ್ರೆ ಎಷ್ಟದೆ ಓದು ಮಗ."

"ಏಟೀನ್ ಗ್ರಾಮ್ಸ್."

"ಚಮಚದಲ್ಲಿ ಹೇಳವ್ವ, ನಂಗೆ ಗ್ರಾಮು ಗೊತ್ತಾಗಕಿಲ್ಲ."

ಇಂಚರಾ ಫೋನಿನಲ್ಲಿ ಹುಡುಕಿ ಹೇಳಿದಳು. ಜವರಮ್ಮ ಅಳೆದು ಬಟ್ಟಲಿಗೆ ಸಕ್ಕರೆ ಸುರಿದರು: ನಾಲ್ಕೂವರೆ ಚಮಚ.

"ಭಾವನಾ, ಇದ್ನ ಬರಿಯಾಕೆ ಆ ಹಾಳೇಲಿ ಜಾಗ ಇರ್ಲಿಲ್ವ?"

"ಡಾಕ್ಟರಿಗಿಂತ ನಿಮಗೆ ಜಾಸ್ತಿ ಗೊತ್ತಾ ಅತ್ತೆ?"

"ತುಪ್ಪ ಔಸ್ದಿ ಅಂತ ನಾನೆಲ್ಲಂದೆ? ಡಬ್ಬಿಗಟ್ಲೆ ತಿನ್ನು ಅಂದ್ನಾ? ಒಂದು ಚಮಚ ತುಪ್ಪಕ್ಕೆ ಕಳ್ಳನ ಪಟ್ಟ, ನಾಲ್ಕೂವರೆ ಚಮಚ ಸಕ್ರೆಗೆ ಸಾಮಿಗೋಳ ಕಾವಿ. ಯಾವ ನ್ಯಾಯ ಕಣವ್ವ?"

ಭಾವನಾ ಬಟ್ಟಲನ್ನು ತನ್ನ ಕಡೆ ಎಳೆದುಕೊಂಡಳು. ಮೂರು ತಿಂಗಳಿಂದ ಮಗಳ ಊಟದ ಡಬ್ಬಿಯ ಜೊತೆ ದಿನವೂ ಅಂಥದೇ ಯೋಗರ್ಟಿನ ಕಪ್ ಇಟ್ಟ ಕೈ ಅವಳದೇ.

೫. ಅಂತ್ಯ (ಗಳು)

ಒಂದು: ಭಾವನಾ ಹಾಳೆ ಹರಿದೆಸೆದಳು.

"ನಾನು ಹರಿಯಲ್ಲ ಸಾರ್," ಎಂದು ಅವಳೇ ನನ್ನನ್ನು ತಡೆದಳು. "ನಮ್ಮಪ್ಪಂಗೆ ಐವತ್ತಕ್ಕೇ ಸ್ಟೆಂಟ್ ಹಾಕಿದಾರೆ. ನನ್ನ ಭಯ ನಿಮಗೆ ಕಾಮಿಡಿನಾ?"

(ಅಲ್ಲ ತಾಯಿ. ಹೆದರಿದವರ ಕೈಗೆ ಅರ್ಧ ಮಾತು ಬರೆದು ಕೊಟ್ಟವರ ಮೇಲೆ ನನ್ನ ಸಿಟ್ಟು.)

ಎರಡು: ಆರು ತಿಂಗಳಲ್ಲಿ ಇಂಚರಾ ತೆಳ್ಳಗಾದಳು.

"ಥೂ!" ಎಂದರು ಜವರಮ್ಮ. "ಮಗ ಸಣ್ಣ ಆದ್ರೇನೇ ನಿನ್ ಕತೆ ಗೆಲ್ಲೋದಾ? ನೀನೂ ಆ ಹಾಳೆ ಬರ್ದೋರ ಕಡೆಯೋನೇ!"

ಅಳಿಸಿದೆ. ತಪ್ಪಾಯಿತೆಂದು ಕೆನ್ನೆ ಮುಟ್ಟಿಕೊಂಡೆ.

ಮೂರು: ದೀಪ ಉರಿಯುತ್ತಿದೆ. ತುಪ್ಪದನ್ನ ಆರುತ್ತಿದೆ. ಇಂಚರಾಳ ಒಂದು ಕೈ ಟೀ-ಶರ್ಟಿನ ಅಂಚಿನಲ್ಲಿ, ಇನ್ನೊಂದು ತಟ್ಟೆಯ ಅಂಚಿನಲ್ಲಿ. ತಿಂದಳೋ ಇಲ್ಲವೋ ಹೇಳಿ ಮುಗಿಸು ಎನ್ನುತ್ತೀರಿ, ಓದುಗರೆ. ಆ ಕೈಯನ್ನು ಎತ್ತಿ ಬಾಯಿಗಿಡುವುದು ನನಗೆ ಒಂದು ಸಾಲಿನ ಕೆಲಸ. ಹಿಂದಕ್ಕೆ ಎಳೆಯುವುದೂ ಅಷ್ಟೇ. ಆ ಕೈ ಹಿಡಿದು ಎಳೆದಾಡಿದವರು ಈಗಾಗಲೇ ಸಾಕಷ್ಟಿದ್ದಾರೆ. ಪೆನ್ನು ಕೆಳಗಿಡುತ್ತೇನೆ.

ಮಗುವಿಗೆ ಹಸಿವಾಗಿದೆಯೇ ಎಂದು ಈ ಕಥೆಯಲ್ಲಿ ಇನ್ನೂ ಯಾರೂ ಕೇಳಿಲ್ಲ. ನಾನೂ ಕೇಳಿಲ್ಲ.