ರೆಕ್ಸಿನ್ ಕುಗ್ಗಿದೆ

ಸೊಂಟದ ಪಟ್ಟಿಯನ್ನು ಎಷ್ಟು ಎಳೆದರೂ ನಾಟಕದ ಕವಚ ಮೈಗೆ ಕೂರಲಿಲ್ಲ. ಗಂಡನ ಡಿಪೋದ ಬಸ್ ಡ್ರೈವರ್ ದೇಹವನ್ನು ಪಕ್ಕಕ್ಕೆ ಹೊರಳಿಸಿ ಹಿಡಿದಿದ್ದ. ಅವಳು ಗಂಡನ ಬೆನ್ನ ಹಿಂದೆ ಮಂಡಿಯೂರಿ, ಪಟ್ಟಿಯ ತೀರಾ ಒಳಗಿನ ತೂತಿಗೆ ಬಕಲ್ಲಿನ ಮುಳ್ಳು ಸೇರಿಸಿದಳು. ಎದೆಯ ತಗಡು ಆಗಲೂ ಒಂದು ಕಡೆಗೆ ವಾಲಿತು. ಕಾಯಿಲೆ ಆ ಮೈಯನ್ನು ಅಷ್ಟು ಒಣಗಿಸಿಬಿಟ್ಟಿತ್ತು.

"ಸಾಕು ಬಿಡಮ್ಮ," ಎಂದರು ಬಾಗಿಲಲ್ಲಿ ನಿಂತಿದ್ದ ಭಾವ. ಗಂಡನ ಅಣ್ಣ, ಪೊಲೀಸ್ ದಫೇದಾರರಾಗಿ ನಿವೃತ್ತರಾದವರು. "ಒಳ್ಳೇ ಶರ್ಟು ತಂದಿದೀನಿ, ಅದನ್ನ ಹಾಕು. ಗಾಡಿ ಬರೋ ಹೊತ್ತಾಯ್ತು. ಬೀದಿ ಜನ ನಗ್ತಾರೆ."

"ನಗಲಿ ಭಾವ. ನಾಟಕದಲ್ಲೂ ನಗ್ತಿದ್ರು. ಇದರಲ್ಲೇ ಕಳಿಸು ಅಂತ ಆಸ್ಪತ್ರೆಯಲ್ಲಿ ಕೈ ಹಿಡ್ಕೊಂಡು ಕೇಳಿದಾರೆ. ಹೂಂ ಅಂದಿದೀನಿ."

"ಜ್ವರದಲ್ಲಿ ನೂರು ಅಂತಾರೆ."

"ಜ್ವರ ಇರಲಿಲ್ಲ."

ಡ್ರೈವರ್ ಮೂಗೆಳೆದುಕೊಂಡ. ಡಿಪೋ ನಾಟಕದಲ್ಲಿ ಸದಾ ರಾಜನ ಪಾತ್ರ ಅವನದೇ. ಹಾಗಾಗಿ ಊರಿಗೆಲ್ಲ ಅವನು 'ರಾಜ'.

"ಎರಡನೇ ಅಂಕದಲ್ಲಿ ಸಾಯೋದು ನಮ್ಮ ಸೇನಾಪತಿಗೆ ಕಾಯಂ ಡ್ಯೂಟಿ ಕಣ್ರೀ. ಪರದೆ ಬಿತ್ತೋ ಇಲ್ವೋ, ಎದ್ದು ಕೂತು 'ಟೀ ಎಲ್ಲಯ್ಯಾ' ಅನ್ನೋನು." ನಗಲು ಹೋದವನು ಹೆಗಲಿಗೆ ಕಣ್ಣುಜ್ಜಿಕೊಂಡ.

"ಅದನ್ನೇ ನಾನು ಹೇಳೋದು," ಎಂದರು ಭಾವ. "ಅಣ್ಣ ನಿಜವಾದ ಪೊಲೀಸು, ತಮ್ಮ ರಟ್ಟಿನ ಸೇನಾಪತಿ ಅಂತ ಜೀವಮಾನ ಪೂರ್ತಿ ಕೇಳಿಸ್ಕೊಂಡಿದೀನಿ. ಇವತ್ತೂ ಬೇಕಾ?"

*

ರಟ್ಟಲ್ಲ ಅದು. ಬಸ್ಸಿನ ಸೀಟು ಹೊಲಿಯುವವನಿಗೆ ರಟ್ಟು ಹಿಡಿಸೀತೇ? ಹರಿದ ಸೀಟುಗಳ ರೆಕ್ಸಿನ್, ಎಣ್ಣೆ ಡಬ್ಬಿ ಕತ್ತರಿಸಿ ಬಡಿದ ತಗಡು, ಒಳಗೆ ಸ್ಪಂಜು, ಮೇಲೆ ಬೆಳ್ಳಿ ಬಣ್ಣ. ಮದುವೆಯಾದ ವರ್ಷ ಅಡುಗೆಮನೆಯ ನೆಲದ ಮೇಲೆ ಕೂತು ಹೊಲಿದು ಮುಗಿಸಿದ್ದ. ಬಕಲ್ಲುಗಳೆಲ್ಲ ಬೆನ್ನಿಗೆ.

"ಹಿಂದೆ ಯಾಕೆ ಇಟ್ರಿ? ಒಬ್ಬರೇ ಹಾಕ್ಕೊಳ್ಳೋಕಾಗಲ್ವಲ್ಲ!"

"ಅದಕ್ಕೇ ಇಟ್ಟಿದ್ದು," ಅಂದಿದ್ದ.

ಹೀಗೆ ನಾಟಕದ ದಿನ ಬಣ್ಣದ ಕೋಣೆಗೆ ಅವಳು ಹೋಗಲೇಬೇಕಾಯಿತು. ಮೊದಲು ಭುಜದ ಪಟ್ಟಿ, ಆಮೇಲೆ ಸೊಂಟದ್ದು. ಹೊಟ್ಟೆ ಒಳಗೆಳೆದುಕೊಂಡು ಮೋಸ ಮಾಡಿದರೆ ಬೆನ್ನಿಗೊಂದು ಗುದ್ದು. ವರ್ಷ ಕಳೆದಂತೆ ಪಟ್ಟಿ ಸಾಲದಾಯಿತು. ಅವನು ದಬ್ಬಳ ತಂದು ತುದಿಯ ಕಡೆಗೆ ಇನ್ನೊಂದು ತೂತು ಕೊರೆಯುತ್ತಿದ್ದ.

"ಹೊಟ್ಟೆ ಬಂದಿದೆ ಅಂತ ಒಪ್ಕೊಳ್ರೀ."

"ಹೊಟ್ಟೆ ಅಲ್ವೇ, ರೆಕ್ಸಿನ್ ಕುಗ್ಗಿದೆ."

ಮಗಳು ಹುಟ್ಟಿದ ವರ್ಷ ಒಂದು ತೂತು. ಸ್ವಂತ ಮನೆಗೆ ಬಂದ ವರ್ಷ ಇನ್ನೊಂದು. ಆಮೇಲಾಮೇಲೆ ಅಂಗಿ ಬಿಗಿಯಾದರೂ ಅವನಿಗೆ ಅದೇ ಮಾತು.

*

ಇವತ್ತು ಅವಳ ಬೆರಳು ಆ ತೂತುಗಳನ್ನೆಲ್ಲ ಹಿಂದಕ್ಕೆ ದಾಟಿ ಬಂದಿತ್ತು. ಮನೆಯದು, ಮಗಳದು, ಕೊನೆಗೆ ಮದುವೆಯ ವರ್ಷದ್ದು. ಅದರಿಂದಾಚೆಗೆ ಬರೀ ರೆಕ್ಸಿನ್.

ಬೀದಿಯಲ್ಲಿ ಗಾಡಿ ಹಾರನ್ ಹಾಕಿತು. ದೇಹವನ್ನು ಅಂಗಾತ ಮಲಗಿಸಿದಾಗ ಎದೆಯ ತಗಡು ಜಾರಿ ಗದ್ದಕ್ಕೆ ತಗುಲಿತು. ಅವಳು ಬಾಗಿಲ ಕಡೆ ಕೈ ಚಾಚಿದಳು.

"ಶರ್ಟು ಕೊಡಿ ಭಾವ."

ಭಾವ ಕೊಡಲಿಲ್ಲ. ಬಗ್ಗಿ, ವಾರೆಯಾದ ತಗಡನ್ನು ನೋಡಿ ಮುಖ ಸಿಂಡರಿಸಿದರು.

"ಏನಿದು ಅವತಾರ? ಸಡಿಲ ಬೆಲ್ಟು ಕಟ್ಕೊಂಡು ನಮ್ಮ ಮನೇಲಿ ಯಾರೂ ಹೊಸ್ತಿಲು ದಾಟಿಲ್ಲ. ದಬ್ಬಳ ಎಲ್ಲಿ?"

ಗೋಡೆಗೊರಗಿ ನಿಂತಿದ್ದ ಮಗಳು ಓಡಿಹೋಗಿ ತಂದಳು. ಭಾವ ಬೆರಳಿನಲ್ಲಿ ಅಂದಾಜು ನೋಡಿ, ಪಟ್ಟಿಯನ್ನು ಬಿಚ್ಚಿಸಿ ಮಣೆಯ ಮೇಲಿಟ್ಟು ಇನ್ನೂ ಒಳಗಡೆಗೆ ಒಂದು ತೂತು ಕೊರೆದರು.

"ಏಯ್ ರಾಜ, ಹೊರಳಿಸು. ಮೊದಲು ಯಾವುದಮ್ಮಾ?"

"ಭುಜದ್ದು."

ಭುಜದ್ದಾಯಿತು. ಸೊಂಟದ್ದನ್ನು ಅವರೇ ಎಳೆದು ಬಿಗಿದರು. ಕವಚ ಅಲುಗದಂತೆ ಕೂತಿತು. ಒಂದು ನಾಟಕಕ್ಕೂ ಬಂದವರಲ್ಲ ಅವರು. ತಲೆಯೆತ್ತದೆ ಕೇಳಿದರು:

"ಸಾಯೋವಾಗ ಏನನ್ನೋನು?"

"'ಕೋಟೆ ಬಾಗಿಲು ಹಾಕಿ' ಅಂತಿದ್ರು. ಅದೊಂದೇ ಮಾತು."

"ಜೋರಾಗೋ, ಮೆಲ್ಲಗೋ?"

"ಹಿಂದಿನ ಸಾಲಿಗೂ ಕೇಳೋ ಹಾಗೆ."

ಭಾವ ತಲೆದೂಗಿದರು. ತಲೆಯ ಕಡೆ ತಾವೇ ಹೆಗಲು ಕೊಟ್ಟರು. ಬೀದಿಯಲ್ಲಿ ಯಾರೋ ಕಿಸಕ್ಕೆಂದರು. ಅವರು ಆ ಕಡೆ ನೋಡಲಿಲ್ಲ. ದೇಹವನ್ನು ಗಾಡಿಗೆ ಏರಿಸಿ, ಮುಖವನ್ನೊಮ್ಮೆ ಒರೆಸಿಕೊಂಡು ಅವಳ ಕಡೆ ತಿರುಗಿದರು. ಕವಚದ ಹಳೇ ಬೆಳ್ಳಿ ಬಣ್ಣ ಉದುರಿ ಅಂಗೈ ತುಂಬ ಹತ್ತಿತ್ತು. ಒದ್ದೆ ಕೆನ್ನೆಯ ಮೇಲೂ, ಮೀಸೆಯ ಒಂದು ಬದಿಗೂ ಮೆತ್ತಿಕೊಂಡು, ಬಿಸಿಲಿಗೆ ಹೊಳೆಯುತ್ತಿತ್ತು.