ಮರಿ ಅಂದರೆ

ಅಂಗನವಾಡಿ ಟೀಚರ್ ಲಕ್ಷ್ಮಿದೇವಿ ಮಕ್ಕಳನ್ನು ಹೆಸರು ಹಿಡಿದು ಕರೆದದ್ದೇ ಕಡಿಮೆ. "ಬಾ ಮರಿ, ಕೂತ್ಕೋ ಮರಿ, ಮೂಗು ಒರೆಸ್ಕೋ ಮರಿ" ಎನ್ನುವುದೇ ಅವಳ ರೂಢಿ. ಜಗಳೂರಿನಾಚೆಯ ಆ ಊರಿನ ಅಂಗನವಾಡಿಯಲ್ಲಿ ಹೀಗೆ ಮರಿ ಎನ್ನಿಸಿಕೊಂಡವರು ಎಷ್ಟೋ ಮಂದಿ ಈಗ ಮೀಸೆ ಬಿಟ್ಟುಕೊಂಡು ಬೈಕ್ ಓಡಿಸುತ್ತಿದ್ದರು. ಆದರೆ ಆ ಬೆಳಿಗ್ಗೆ ಕರೆಯಲು ಮರಿಗಳೇ ಇರಲಿಲ್ಲ. ಚಾಪೆ ಹಾಸಿತ್ತು, ಉಪ್ಪಿಟ್ಟು ಆರುತ್ತಿತ್ತು. ಅವಳ ಮಗಳು ದುರ್ಗಾಂಬಿಕಾ ಒಬ್ಬಳೇ ಕೂತು ಗೋಡೆಯ ಮೇಲಿನ ಆನೆಯ ಚಿತ್ರಕ್ಕೆ ಉಪ್ಪಿಟ್ಟು ಮೆತ್ತುತ್ತಿದ್ದಳು.

ಮಕ್ಕಳು ಯಾಕೆ ಬಂದಿಲ್ಲ ಎಂಬುದು ಲಕ್ಷ್ಮಿದೇವಿಗೆ ಗೊತ್ತಿತ್ತು. ಕಳೆದ ವಾರ ನ್ಯಾಮತಿಯಲ್ಲಿರುವ ಅವಳ ಅಣ್ಣ ಒಂದು ವಾಯ್ಸ್ ಮೆಸೇಜ್ ಕಳಿಸಿದ್ದ. ಯಾರೋ ಗಂಡಸಿನ ಗಾಬರಿಯ ದನಿ. "ಮರಿ ಕದಿಯೋರು ಬಂದವ್ರೆ ಕಣ್ರಪ್ಪಾ. ಬಿಳಿ ವ್ಯಾನು. ಬೆಳಕು ಹರಿಯೋಕೆ ಮುಂಚೆ ಬಂದು ತುಂಬ್ಕೊಂಡು ಹೋಗ್ತಾರೆ. ಮರಿ ಸಾಕಾಕೆ ಎಷ್ಟು ಕಷ್ಟ ಬಿದ್ದೀವಿ ನಮಗೇ ಗೊತ್ತು. ಸಿಕ್ರೆ ಬಿಡಬ್ಯಾಡ್ರಿ."

ಕೇಳಿದೊಡನೆ ಅವಳು ತಾಯಂದಿರ ಗ್ರೂಪಿಗೆ ಅದನ್ನು ಕಳಿಸಿ, ಕೆಳಗೆ ತನ್ನ ದನಿಯನ್ನೂ ಸೇರಿಸಿದ್ದಳು: "ಅಮ್ಮಂದಿರೇ, ಮಕ್ಕಳ ಕಳ್ಳರು ಬಂದವ್ರೆ. ಬಿಳಿ ವ್ಯಾನು. ಮಕ್ಕಳನ್ನ ಹೊರಗೆ ಬಿಡಬ್ಯಾಡ್ರಿ." ಒಳ್ಳೆಯದನ್ನೇ ಮಾಡಿದೆನೆಂಬ ಸಮಾಧಾನದಲ್ಲಿ ಅಂದು ಮಲಗಿದ್ದಳು.

ಈಗ ಅಂಗನವಾಡಿಯ ಮುಂದೆ ಬಂದು ನಿಂತದ್ದೂ ಒಂದು ಬಿಳಿ ವ್ಯಾನೇ. ಲಕ್ಷ್ಮಿದೇವಿ ಮಗಳನ್ನು ಎಳೆದು ಸೊಂಟಕ್ಕೇರಿಸಿಕೊಂಡಳು. ವ್ಯಾನಿನಿಂದಿಳಿದ ಹುಡುಗಿ ನಗುತ್ತಾ ಬಂದಳು.

"ನಾನು ರಕ್ಷಾ, ಮೇಡಂ. ದಾವಣಗೆರೆಯಿಂದ ಬಂದೆ. ನಿನ್ನೆ ಫೋನ್ ಮಾಡಿದ್ದೆನಲ್ಲಾ?"

ಹೌದು, ಮಾಡಿದ್ದಳು. ಸುದ್ದಿಗಳ ಬಗ್ಗೆ ಏನೋ ಸಂಶೋಧನೆ ಎಂದಿದ್ದಳು. ಲಕ್ಷ್ಮಿದೇವಿಗೆ ಜೀವ ಬಂದಂತಾಯಿತು. ಡ್ರೈವರ್ ಕಲ್ಲೇಶ್ ಹೊರಗೆ ಮರದ ನೆರಳಿಗೆ ಹೋದ. ರಕ್ಷಾ ಚಾಪೆಯ ಮೇಲೆಯೇ ಕೂತು ಲ್ಯಾಪ್‌ಟಾಪ್ ತೆರೆದಳು. ಪರದೆಯ ತುಂಬ ಚುಕ್ಕೆಗಳು, ಅವುಗಳ ನಡುವೆ ಗೆರೆಗಳು.

"ಒಂದೊಂದು ಚುಕ್ಕೆ ಒಬ್ಬೊಬ್ಬರು. ಒಪ್ಪಿದವರ ಫೋನ್ ನೋಡಿ, ಯಾರಿಂದ ಯಾರಿಗೆ ಸುದ್ದಿ ಹೋಯ್ತು ಅಂತ ಜೋಡಿಸ್ತೀನಿ. ಈ ಮರಿ ಕಳ್ಳರ ವಾಯ್ಸ್ ಮೆಸೇಜ್ ಹುಟ್ಟಿದ್ದು ಚನ್ನಗಿರಿ ಹತ್ರ, ಸೂಳೆಕೆರೆ ದಂಡೇಲಿ. ಮಾತಾಡಿದವರು ಚಿತ್ತಪ್ಪ ಅಂತ, ಮೀನು ಹಿಡಿಯೋರು."

"ಅವರ ಮಗೂನ ಹೊತ್ಕೊಂಡು ಹೋದ್ರಾ?"

"ಇಲ್ಲ ಮೇಡಂ. ಕೆರೆಗೆ ಬಿಟ್ಟಿದ್ದ ಮೀನುಮರಿ ಕಳ್ಳತನ ಆಗಿದ್ದು. ಅಲ್ಲಿ ಮರಿ ಅಂದ್ರೆ ಮೀನುಮರಿನೇ, ಬಿಡಿಸಿ ಹೇಳೋದೇ ಬೇಡ. ಹೊನ್ನಾಳಿಗೆ ಬರೋ ಹೊತ್ತಿಗೆ ಅದು ಕುರಿಮರಿ ಆಯ್ತು. ನ್ಯಾಮತೀಲೂ ಕುರಿಮರಿನೇ. ಅಲ್ಲೀವರೆಗೂ ಯಾರೂ ಅಷ್ಟಾಗಿ ಹೆದರಲಿಲ್ಲ. ಆಮೇಲೆ ಇಲ್ಲಿ ನೋಡಿ."

ಅವಳ ಬೆರಳು ಒಂದು ಚುಕ್ಕೆಯ ಮೇಲೆ ನಿಂತಿತ್ತು. ಅಲ್ಲಿಯವರೆಗೆ ಒಂದೊಂದಾಗಿ ಬಂದ ಗೆರೆಗಳು ಅಲ್ಲಿಂದ ಊರೂರಿಗೆ ಚೆಲ್ಲಾಪಿಲ್ಲಿಯಾಗಿ ಹರಡಿದ್ದವು.

"ಇಲ್ಲಿ ಮರಿ ಅನ್ನೋದು ಮಕ್ಕಳಾಯ್ತು. ಈ ಚುಕ್ಕೆಯವರ ಮಾತನ್ನ ಜನ ಎರಡನೇ ಯೋಚನೆ ಮಾಡದೆ ನಂಬ್ತಾರೆ. ಅದಕ್ಕೇ ಇಷ್ಟು ಬೇಗ ಹಬ್ಬಿದೆ." ರಕ್ಷಾ ದನಿ ತಗ್ಗಿಸಿದಳು. "ಯಾರ ಹೆಸರನ್ನೂ ನಾನು ಎಲ್ಲೂ ಬರೆಯಲ್ಲ ಮೇಡಂ. ನೀವು ಭಯಪಡಬೇಡಿ."

ಆ ಚುಕ್ಕೆ ತಾನೇ ಎಂದು ಲಕ್ಷ್ಮಿದೇವಿಗೆ ಹೊಳೆಯಿತು. ಎದ್ದು ಹೋಗಿ ಆನೆಯ ಮೇಲಿನ ಉಪ್ಪಿಟ್ಟು ಒರೆಸತೊಡಗಿದಳು.

ಹೊರಗೆ ಗಲಾಟೆ ಎದ್ದದ್ದು ಆಗ. ಕಿಟಕಿಯಿಂದ ನೋಡಿದರೆ ವ್ಯಾನಿನ ಸುತ್ತ ಜನವೋ ಜನ. ಕಲ್ಲೇಶ್ ಯಾವುದೋ ಮಗುವಿಗೆ ಬಿಸ್ಕತ್ತು ಕೊಟ್ಟನಂತೆ. ಅವನ ಕಾಲರ್ ಕೆಂಚೇಶನ ಮುಷ್ಟಿಯಲ್ಲಿತ್ತು, ತುಟಿ ಒಡೆದಿತ್ತು. ಕೆಂಚೇಶನ ಮಗಳೂ ಇದೇ ಅಂಗನವಾಡಿಗೆ ಬರುವವಳು. ಯಾವತ್ತೂ ದನಿ ಎತ್ತಿ ಮಾತಾಡದ ಆಸಾಮಿ, ಈಗ ಇನ್ನೊಂದು ಕೈಯಲ್ಲಿ ಕಬ್ಬಿಣದ ಸಲಾಕೆ ಹಿಡಿದಿದ್ದ.

"ಒಳಗೆ ಇನ್ನೊಬ್ಬಳು ಅವ್ಳೆ! ಟೀಚರಮ್ಮಾ, ಬಾಗಿಲು ತೆಗೀರಿ!"

ರಕ್ಷಾ ಪೊಲೀಸರಿಗೆ ಫೋನ್ ಮಾಡಿದಳು. ಜಗಳೂರಿನಿಂದ ಹೊರಟು ಬರಬೇಕು ಎಂದರು. ಅಷ್ಟು ಹೊತ್ತು ಕಲ್ಲೇಶ್ ಉಳಿಯುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಾಯಿತು. ಲಕ್ಷ್ಮಿದೇವಿ ಲೆಕ್ಕ ಹಾಕಿದಳು. ತನ್ನ ಹೆಸರು ಎಲ್ಲೂ ಬರುವುದಿಲ್ಲ. ಚಿಲಕ ಹಾಕಿ ಸುಮ್ಮನೆ ಕೂತರೆ ಯಾರೂ ಕೇಳುವವರಿಲ್ಲ. ಹೊರಗೆ ಹೋದರೆ ಆ ಸಲಾಕೆ ತನ್ನ ಕಡೆಗೇ ತಿರುಗಬಹುದು. ಅವಳು ಮಗಳನ್ನು ಎತ್ತಿಕೊಂಡಳು. ಚಿಲಕ ಸರಿಸಿ ಹೊರಗೆ ಬಂದಳು.

"ಪಕ್ಕಕ್ಕೆ ಬರ್ರಿ ಟೀಚರಮ್ಮಾ," ಎಂದ ಕೆಂಚೇಶ್.

"ಬಿಡು ಕೆಂಚೇಶಾ ಅವನ್ನ. ಅವನು ಕಳ್ಳ ಅಲ್ಲ."

"ನಿಮಗೇನು ಗೊತ್ತು? ನಾಳೆ ನನ್ನ ಮಗಳು ಕಾಣ್ದಂಗಾದ್ರೆ ಯಾರು ತಂದುಕೊಡ್ತಾರೆ? ಒಂದು ವಾರದಿಂದ ಮನ್ಯಾಗೆ ಯಾರೂ ಕಣ್ಣು ಮುಚ್ಚಿಲ್ಲ. ನೀವೇ ಅಲ್ವೇನ್ರೀ ಹೇಳಿದ್ದು!"

"ಹೂಂ. ನಾನೇ ಹೇಳಿದ್ದು. ಆ ಮೆಸೇಜಿನಾಗೆ ಮರಿ ಅಂತ ಐತೆ. ಅದು ಮೀನುಮರಿ ಕಣಪ್ಪಾ, ಸೂಳೆಕೆರೆದು. ನಾನು ದಿನಾ ಮಕ್ಕಳನ್ನ ಮರಿ ಅನ್ನೋಳು, ಮಕ್ಕಳು ಅನ್ಕೊಂಡೆ. ಯಾರ್ನೂ ಕೇಳ್ಲಿಲ್ಲ, ಕಳಿಸ್ಬಿಟ್ಟೆ. ಹೊಡೆಯೋದಾದ್ರೆ ನನ್ನ ಹೊಡಿ."

ಹಿಂದಿನಿಂದ ಯಾರೋ "ದುಡ್ಡು ತಗೊಂಡವ್ಳೆ!" ಎಂದು ಕೂಗಿದರು. ಜನ ಮುಂದೆ ಒತ್ತಿದರು. ಲಕ್ಷ್ಮಿದೇವಿ ಎರಡು ಹೆಜ್ಜೆ ನಡೆದು ಮಗಳನ್ನು ಕಲ್ಲೇಶನ ಕೈಗಿಟ್ಟುಬಿಟ್ಟಳು.

ಕಲ್ಲೇಶನಿಗೆ ಮಗುವನ್ನು ಹಿಡಿಯಲೂ ಭಯ, ಬಿಡಲೂ ಭಯ. ದುರ್ಗಾಂಬಿಕಾ ಅವನ ಒಡೆದ ತುಟಿಯನ್ನು ನೋಡಿ ಉಪ್ಪಿಟ್ಟು ಮೆತ್ತಿದ ಬೆರಳಿನಿಂದ ಮುಟ್ಟಿದಳು. "ಅಮ್ಮಾ, ಅಣ್ಣಂಗೆ ಗಾಯ," ಎಂದಳು. ಅವನು ಅತ್ತುಬಿಟ್ಟ. ಕೆಂಚೇಶನ ಮುಷ್ಟಿ ತಾನಾಗಿ ಸಡಿಲವಾಯಿತು. ಪೊಲೀಸ್ ಜೀಪು ಬರುವಷ್ಟರಲ್ಲಿ ಅವನೇ ಕಲ್ಲೇಶನಿಗೆ ನೀರು ತಂದುಕೊಟ್ಟಿದ್ದ, ಮುಖ ಮಾತ್ರ ಎತ್ತಿರಲಿಲ್ಲ.

ಅಂದೇ ಲಕ್ಷ್ಮಿದೇವಿ ಗ್ರೂಪಿಗೆ ಇನ್ನೊಂದು ವಾಯ್ಸ್ ಮೆಸೇಜ್ ಕಳಿಸಿದಳು: ತಪ್ಪು ನನ್ನದು, ಮಕ್ಕಳ ಕಳ್ಳರಿಲ್ಲ. ಮರುದಿನ ಅಂಗನವಾಡಿ ಅರ್ಧ ತುಂಬಿತು. ಸಂಜೆ ಬಾಗಿಲು ಹಾಕುವಾಗ ಸಾಸ್ವೆಹಳ್ಳಿಯ ಚಿಕ್ಕಮ್ಮ ಗಾದ್ರಮ್ಮನಿಂದ ಫೋನಿಗೆ ಏನೋ ಬಂತು. ಒತ್ತಿದಳು.

"ಅಮ್ಮಂದಿರೇ, ಮಕ್ಕಳ ಕಳ್ಳರು ಬಂದವ್ರೆ. ಬಿಳಿ ವ್ಯಾನು..."

ತನ್ನದೇ ದನಿ. ತಪ್ಪೊಪ್ಪಿದ ಎರಡನೆಯ ಮೆಸೇಜ್ ಅಲ್ಲಿಗೆ ಹೋಗಿಯೇ ಇರಲಿಲ್ಲ. ಎಲ್ಲೋ ಇನ್ನೊಂದು ಊರಿನಲ್ಲಿ ಇನ್ನೊಬ್ಬ ಕಲ್ಲೇಶ್ ಈಗ ಮರದ ನೆರಳಿಗೆ ವ್ಯಾನು ನಿಲ್ಲಿಸುತ್ತಿರಬಹುದು. ಲಕ್ಷ್ಮಿದೇವಿ ಬೀಗ ಹಾಕದೆ ಹೊಸ್ತಿಲ ಮೇಲೆಯೇ ಕೂತು ಫೋನ್ ಹಚ್ಚಿದಳು.

"ಚಿಕ್ಕಮ್ಮಾ, ಈಗ ಕಳಿಸಿದ್ರಲ್ಲಾ, ಆ ದನಿ ಯಾರ್ದು ಗೊತ್ತಾತಾ? ನಂದೇ. ಅದು ಸುಳ್ಳು. ಅದನ್ನ ನಿಮಗೆ ಕೊಟ್ಟೋರು ಯಾರು? ಅವರ ನಂಬರ್ ಹೇಳ್ರಿ."